ಟವೆಲ್ ಹಿಡಿಯಲು ಹೋಗಿ ಮುಳುಗಿದ್ದು

ಸಂಕೋಚ ಒಳ್ಳೆಯ ಗುಣವೆಂದು ಚಿಕ್ಕಂದಿನಲ್ಲಿ ನನಗೆ ಎಲ್ಲರೂ ಹೇಳಿಕೊಟ್ಟರು. ಉಪ್ಪಿನ ಹಾಗೆ ಅದನ್ನು ಎಷ್ಟು ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಹೀಗಾಗಿ ನಾನು ಅದನ್ನು ಜೀವನದ ತುಂಬ ಸುರಿದುಕೊಂಡೆ. ಬಸ್ಸಿನಲ್ಲಿ ಯಾರಾದರೂ ನನ್ನ ಪಾದದ ಮೇಲೆ ನೆಲ್ಲಿನ ಚೀಲ ಇಟ್ಟರೆ, ತೆಗೆಯಿರಿ ಎನ್ನಲು ಬಾಯಿ ಬಾರದೆ, ಚೀಲಕ್ಕೇ ನೋವಾದೀತೇನೋ ಎಂಬಂತೆ ಊರು ಬರುವವರೆಗೆ ಅಲುಗಾಡದೆ ಕುಳಿತಿರುತ್ತೇನೆ. ನಮ್ಮ ರಾಯಚೂರಿನ ಓಣಿಗೆ ಹಾಲು ತರುವವನು ಮೊದಲ ದಿನವೇ ನನ್ನನ್ನು ಅದು ಹೇಗೋ 'ಸರೋಜಮ್ಮ' ಎಂದು ಕರೆದ. ನನ್ನ ಹೆಸರು ಮಾರ್ಥಮ್ಮ ಎಂದು ಆ ದಿನ ಹೇಳಲಿಲ್ಲ. ಮರುದಿನ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂದುಕೊಂಡಾನು ಎನಿಸಿತು. ಈಗ ವರ್ಷಗಳಾದವು, ಬೆಳಗಾದರೆ ನಾನು ಸರೋಜಮ್ಮನಾಗಿ ಹಾಲು ಕೊಂಡು, ಒಳಗೆ ಬಂದು ಮಾರ್ಥಮ್ಮನಾಗಿ ಕಾಯಿಸುತ್ತೇನೆ. ಇಷ್ಟರಿಂದ ಯಾರಿಗೂ ನಷ್ಟವಿಲ್ಲ. ಆದರೆ ಇದೇ ಸಂಕೋಚ ನನ್ನನ್ನು ಗಿಲ್ಲೆಸುಗೂರಿನ ಹತ್ತಿರ ಕಾಲುವೆಯಲ್ಲಿ ಮುಳುಗಿಸಿ, ದೇವದುರ್ಗದಲ್ಲಿ ನಿಮ್ಮ ತಾತನ ಪಕ್ಕದ ಜಾಗವನ್ನೇ ನನ್ನಿಂದ ಕಸಿದುಕೊಳ್ಳುವುದರಲ್ಲಿತ್ತು. ಮೊಮ್ಮಕ್ಕಳೇ, ಆ ಕಥೆಯನ್ನು ನೀವು ಮೂರು ಬಾಯಿಗಳಿಂದ ಮೂರು ಥರ ಕೇಳಿದ್ದೀರಿ. ಮುಳುಗಿದವಳು ನಾನು, ನನ್ನ ಬಾಯಿಂದಲೂ ಒಮ್ಮೆ ಕೇಳಿ.

ನಮ್ಮ ಮನೆಯ ಧರ್ಮ ಯಾವುದೆಂದು ಕೇಳಿದರೆ ಉತ್ತರ ಸುಲಭ, ಕ್ರೈಸ್ತ ಧರ್ಮ. ಅದರಲ್ಲಿ ಯಾವುದು ಎಂದು ಕೇಳಿದರೆ ಕುಳಿತುಕೊಳ್ಳಲು ಕುರ್ಚಿ ಹಾಕಬೇಕಾಗುತ್ತದೆ. ನಾನು ಹುಟ್ಟಿದ್ದು ಮಾನ್ವಿ ಕಡೆಯ ಹಳ್ಳಿಯ ಕಥೋಲಿಕರ ಮನೆಯಲ್ಲಿ. ನಮ್ಮ ಗುಡಿಯಲ್ಲಿ ಮಾತೆ ಮರಿಯಮ್ಮನ ಪ್ರತಿಮೆ, ಮೇಣದ ಬತ್ತಿ, ಜಪಸರ, ಮೊಣಕಾಲೂರುವುದು ಎಲ್ಲ ಇತ್ತು. ಫಾದರ್ ಜೀಪಿನಲ್ಲಿ ಬಂದರೆ ಇಡೀ ಕೇರಿಯ ಮಕ್ಕಳೆಲ್ಲ ಧೂಳಿನಲ್ಲಿ ಹಿಂದೆ ಓಡುತ್ತಿದ್ದೆವು. ಮದುವೆಯಾದದ್ದು ದೇವದುರ್ಗದ ಮೆಥೋಡಿಸ್ಟರ ಮನೆಗೆ. ನಮ್ಮಲ್ಲಿ ಸಭೆ ಬೇರೆಯಾದರೂ ಬಳಗ ಒಂದೇ. ವರ ಕಥೋಲಿಕನೋ ಮೆಥೋಡಿಸ್ಟನೋ ಎಂದು ಹಿರಿಯರು ಆಮೇಲೆ ನೋಡುತ್ತಾರೆ, ಸೋದರಮಾವನ ಕಡೆಯವನೋ ಅಲ್ಲವೋ ಎಂದು ಮೊದಲು ನೋಡುತ್ತಾರೆ. ಮೆಥೋಡಿಸ್ಟರ ಚರ್ಚಿನಲ್ಲಿ ಪ್ರತಿಮೆ ಇಲ್ಲ, ಬತ್ತಿ ಇಲ್ಲ, ಬೆಂಚಿನ ಮೇಲೆ ಕುಳಿತು ಕಣ್ಣು ಮುಚ್ಚಿದರೆ ಪ್ರಾರ್ಥನೆ. ಮೊದಮೊದಲು ನನಗೆ ಅದು ಖಾಲಿ ಮನೆಯ ಹಾಗೆ ಕಾಣುತ್ತಿತ್ತು. ಆಮೇಲೆ ಕೀರ್ತನೆಗಳು ಹಿಡಿಸಿದವು. ಇನ್ನು ನನ್ನ ಸೊಸೆ ಜಯಶೀಲಾ ಹುಟ್ಟಿನಿಂದಲೇ ಪೆಂತೆಕೋಸ್ತ್. ಬಿಳಿ ಸೀರೆ, ಮೈಮೇಲೆ ಗುಲಗಂಜಿಯಷ್ಟೂ ಬಂಗಾರವಿಲ್ಲ. ಅವರ ಸಭೆಯಲ್ಲಿ ಕೈ ಎತ್ತಿ, ಚಪ್ಪಾಳೆ ತಟ್ಟಿ, ಅರ್ಧ ಕನ್ನಡದಲ್ಲಿ ಅರ್ಧ ತೆಲುಗಿನಲ್ಲಿ ಹಾಡುತ್ತಾರೆ. ಉತ್ಸಾಹ ಹೆಚ್ಚಾದರೆ ಎರಡೂ ಅಲ್ಲದ ಅನ್ಯಭಾಷೆಯಲ್ಲಿ ಪ್ರಾರ್ಥಿಸುತ್ತಾರೆ. ಕಿವಿಯಲ್ಲಿ ಓಲೆಯಿರುವ ವಿಧವೆಯಾದ ನನ್ನನ್ನೂ, ಬೋಳು ಕಿವಿಯ ಮುತ್ತೈದೆಯಾದ ಅವಳನ್ನೂ ಜೊತೆಯಲ್ಲಿ ನೋಡಿದ ಬಳೆಗಾರ್ತಿಯೊಬ್ಬಳು ಒಮ್ಮೆ ಅವಳ ಕೈ ಹಿಡಿದು, "ಇಷ್ಟು ಸಣ್ಣ ವಯಸ್ಸಿನ್ಯಾಗ ದೇವ್ರು ಹಿಂಗ್ ಮಾಡಬಾರದಿತ್ತವ್ವಾ" ಎಂದು ಕಣ್ಣೀರು ಹಾಕಿದಳು. ಆಗ ಅವಳ ಗಂಡ, ಅಂದರೆ ನನ್ನ ಮಗ ಪ್ರಭಾಕರ, ಅಲ್ಲೇ ಸ್ಕೂಟರಿನ ಮೇಲೆ ಕುಳಿತು ಶೇಂಗಾ ತಿನ್ನುತ್ತಿದ್ದ.

ಪ್ರಭಾಕರ ಯಾವ ಸಭೆಯವನು ಎಂದು ನನಗೆ ಇನ್ನೂ ಗೊತ್ತಾಗಿಲ್ಲ. ಯಾವುದು ಬೇಗ ಮುಗಿಯುತ್ತದೋ ಆ ಸಭೆಯವನಿರಬೇಕು. ಭಾನುವಾರ ನನ್ನನ್ನು ರಾಯಚೂರಿನ ಮೆಥೋಡಿಸ್ಟ್ ಚರ್ಚಿನಲ್ಲಿ ಇಳಿಸಿ, ಹೆಂಡತಿಯನ್ನು ಅವರ ಹಾಲಿಗೆ ಮುಟ್ಟಿಸಿ, ಎರಡರ ನಡುವೆ ಇರುವ ಚಹಾದಂಗಡಿಯಲ್ಲಿ ಧ್ಯಾನ ಮಾಡುತ್ತಾನೆ. ನನ್ನ ಅಳಿಯ ಇನ್ನೊಂದು ಪಂಗಡದವರು. ಅವರಿಗೆ ಶನಿವಾರವೇ ಕರ್ತನ ದಿನ, ಅಂದು ಒಲೆ ಹಚ್ಚುವುದಿಲ್ಲ, ಪ್ರಯಾಣ ಮಾಡುವುದಿಲ್ಲ. ನಮ್ಮ ಮನೆಯಲ್ಲಿ ಒಂದು ತೊಟ್ಟಿಲ ಕಾರ್ಯ ಇಡಬೇಕೆಂದರೆ ಶುಕ್ರವಾರ ಜಯಶೀಲಾಳ ಉಪವಾಸ ಪ್ರಾರ್ಥನೆ, ಶನಿವಾರ ಅಳಿಯಂದಿರಿಗೆ ಆಗದು, ಭಾನುವಾರ ಎಲ್ಲರಿಗೂ ಆರಾಧನೆ. ಬುಧವಾರವೇ ಎಲ್ಲರಿಗೂ ಹೊಂದುವ ದಿನ, ಆದರೆ ಬುಧವಾರ ಯಾರಿಗೂ ಆಫೀಸಿನಲ್ಲಿ ರಜೆ ಸಿಗುವುದಿಲ್ಲ. ನನ್ನ ಬಗ್ಗೆ ಹೇಳುವುದಾದರೆ, ಮೈಮೇಲೆ ಹಲ್ಲಿ ಬಿದ್ದಾಗ ನಾನು ಕಥೋಲಿಕಳು, ಕೈ ತಾನಾಗಿ ಹಣೆಯಿಂದ ಎದೆಗೆ ಹೋಗಿ ಶಿಲುಬೆ ಗುರುತು ಮಾಡಿಕೊಳ್ಳುತ್ತದೆ. ಭಾನುವಾರ ಬೆಳಿಗ್ಗೆ ಮೆಥೋಡಿಸ್ಟಳು. ಸೊಸೆ ಸಿಟ್ಟಾದಾಗ ಪೆಂತೆಕೋಸ್ತಳು, ಗಟ್ಟಿಯಾಗಿ ಸ್ತೋತ್ರ ಎನ್ನುತ್ತೇನೆ.

ಹೀಗೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿಹೋಗಿದ್ದರೂ ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿದ್ದೆ. ರಾಯಚೂರಿಗೆ ಮಗನ ಮನೆಗೆ ಬಂದ ಮೇಲೂ ನನ್ನ ಸದಸ್ಯತ್ವವನ್ನು ದೇವದುರ್ಗದ ಸಭೆಯಲ್ಲೇ ಇಟ್ಟಿದ್ದೆ. ಯಾಕೆಂದರೆ ನಿಮ್ಮ ತಾತ ಅಲ್ಲಿಯ ಸ್ಮಶಾನದಲ್ಲಿ ಬೇವಿನ ಮರದ ಕೆಳಗೆ ಮಲಗಿದ್ದಾರೆ. ಅವರು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಅವರ ಬಸ್ಸಿನಲ್ಲಿ ನಾನು ಹತ್ತಿದರೆ ಮೊದಲೇ ಒಂದು ಸೀಟಿನ ಮೇಲೆ ತಮ್ಮ ಚೀಲ ಇಟ್ಟು, "ಅಲ್ಲಿ ನಮ್ಮ ಮಂದಿ ಬರ್ತಾರ್ರಿ" ಎಂದು ಎಲ್ಲರನ್ನೂ ಎಬ್ಬಿಸುತ್ತಿದ್ದರು. ಕಡೆಯ ಕಾಯಿಲೆಯಲ್ಲೂ ನನ್ನ ಕೈ ಹಿಡಿದು ಅವರು ಹೇಳಿದ್ದು ಇಷ್ಟೇ, "ಬಾಜೂ ಜಾಗಾ ಹಿಡದಿರ್ತೀನಿ. ಗಡಿಬಿಡಿ ಮಾಡಬ್ಯಾಡ, ನಿಧಾನ ಬಾ." ಬಸ್ಸಿನಲ್ಲಾದರೆ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯಬಹುದು. ಸ್ಮಶಾನದಲ್ಲಿ ಆ ಪದ್ಧತಿ ಇಲ್ಲ. ಅಲ್ಲಿ ಜಾಗ ಬೇಕೆಂದರೆ ಸಭೆಯವರಾಗಿರಬೇಕು, ಅದೂ ಸಾಯುವವರೆಗೆ ಬಿಡದೆ ಸಭೆಯವರಾಗಿರಬೇಕು.

ಈಗ ಕಾಲುವೆಗೆ ಬರೋಣ. ಕೃಪಾ, ನಿನ್ನ ದೀಕ್ಷಾಸ್ನಾನದ ದಿನ ಅದು. ನೀನು ಹುಟ್ಟಿದಾಗ ನಿನ್ನ ಅವ್ವ ಜಯಶೀಲಾ ಹಟ ಹಿಡಿದಿದ್ದಳು, ಕೂಸಿನ ತಲೆಗೆ ಯಾರೂ ನೀರು ಹಾಕಕೂಡದು, ಅವಳು ದೊಡ್ಡವಳಾಗಿ ತಾನೇ ಕೇಳಬೇಕು ಎಂದು. ನಮ್ಮ ಕಡೆ ತಲೆಗೆ ಬೊಗಸೆಯಷ್ಟು ನೀರು ಸಾಕು, ಅವರಿಗೆ ಇಡೀ ಮನುಷ್ಯ ಮುಳುಗಬೇಕು. ಇಡೀ ಮನುಷ್ಯ ಮುಳುಗುವಷ್ಟು ನೀರು ನಮ್ಮ ರಾಯಚೂರು ಕಡೆ ಎಲ್ಲಿದೆ ಹೇಳು? ಹೀಗಾಗಿ ಅವರ ಪಾಸ್ಟರು ಕಾಲುವೆಗೆ ನೀರು ಬಿಡುವುದನ್ನೇ ಕಾಯುತ್ತಾರೆ. ಡ್ಯಾಮಿನಿಂದ ನೀರು ಬಿಟ್ಟರೆಂದು ಸುದ್ದಿ ಬಂದ ಕೂಡಲೇ ರೈತರು ಸಸಿ ಮಡಿಯ ಕಡೆಗೆ ಓಡುತ್ತಾರೆ, ಪಾಸ್ಟರು ಫೋನಿನ ಕಡೆಗೆ. ಆ ವರ್ಷ ನೀರು ತಡವಾಗಿ ಬಂದು, ಭತ್ತದ ನಾಟಿಯೂ ಆತ್ಮಗಳ ರಕ್ಷಣೆಯೂ ಒಟ್ಟಿಗೆ ಹಿಂದೆ ಬಿದ್ದಿದ್ದವು. ಕಾಲುವೆಯ ಒಂದು ದಂಡೆಯ ಮೇಲೆ ನಾವು ಹಾಡುತ್ತಿದ್ದರೆ ಇನ್ನೊಂದು ದಂಡೆಯ ಗದ್ದೆಯಲ್ಲಿ ನಾಟಿ ಹಚ್ಚುವ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡುತ್ತಿದ್ದರು.

ನಾನು ಹೋದದ್ದು ಟವೆಲ್ ಹಿಡಿಯಲು. ನೀನು ನೀರಿನಿಂದ ಮೇಲೆ ಬಂದರೆ ಒರೆಸುವುದಕ್ಕೆ ಯಾರಾದರೂ ಬೇಕಲ್ಲ? ನೀರಿನ ಹತ್ತಿರ ಹೋಗುವುದೆಂದು ಹಳೆಯ ಸೀರೆಯೊಂದನ್ನು ಉಟ್ಟಿದ್ದೆ, ಒದ್ದೆಯಾದರೂ ಚಿಂತೆಯಿಲ್ಲವೆಂದು. ನಾನು ಮಾಡಿದ ತಪ್ಪು ಅದೊಂದೇ. ಆ ಸೀರೆಯ ಬಣ್ಣ ತೊಳೆದು ತೊಳೆದು ಬಿಳಿಯಾಗಿತ್ತು. ಮುಳುಗಲು ಬಂದವರೆಲ್ಲ ಬಿಳಿಯಲ್ಲಿ ಸಾಲಾಗಿ ನಿಂತಿದ್ದರು. ಟವೆಲ್ ಎದೆಗೆ ಅವುಚಿಕೊಂಡು ನಿನ್ನ ಹಿಂದೆ ನಿಂತ ನಾನೂ ಆ ಸಾಲಿನಲ್ಲಿ ಸರಿಯಾಗಿ ಹೊಂದಿಕೊಂಡಿದ್ದೆ. ನೀನು ಇಳಿದೆ, ಮುಳುಗಿದೆ, ಅಳುತ್ತಾ ನಗುತ್ತಾ ಇದೇ ದಂಡೆಯ ಇನ್ನೊಂದು ಮೆಟ್ಟಿಲಿನಿಂದ ಮೇಲೆ ಹೋದೆ. ನಾನು ಆ ಕಡೆ ಓಡಬೇಕು ಎನ್ನುವಷ್ಟರಲ್ಲಿ ಅವರ ಸಭೆಯ ಸಹೋದರಿಯೊಬ್ಬರು ನನ್ನ ಕೈ ಹಿಡಿದರು. "ಬರ್ರಿ ಯವ್ವಾ, ಹೆದರಬ್ಯಾಡ್ರಿ, ನೀರು ಸೊಂಟದ ಮಟ ಅದ ಅಷ್ಟ" ಎಂದು ಟವೆಲನ್ನು ತಾವೇ ಇಸಿದುಕೊಂಡರು. ಹಿರಿಯಳೆಂದು ದಾಟಿಸಿ ಆ ಮೆಟ್ಟಿಲ ಕಡೆ ಬಿಡುತ್ತಾರೇನೋ ಎಂದುಕೊಂಡು ನಾನು ಎರಡು ಹೆಜ್ಜೆ ಇಟ್ಟೆ. ಮೂರನೆಯ ಹೆಜ್ಜೆಗೆ ನಾನು ಪಾಸ್ಟರ ಮುಂದೆ ನಿಂತಿದ್ದೆ.

ಆಗಲಾದರೂ ಬಾಯಿ ಬಿಡಬಹುದಿತ್ತು ಎನ್ನುತ್ತೀರಿ. ಸುತ್ತಲಿನವರ ಮುಖ ನೀವು ನೋಡಿರಲಿಲ್ಲ. ಮುದುಕಿಯೊಬ್ಬಳು ತಾನಾಗಿ ನೀರಿಗಿಳಿದಳೆಂದು ದಂಡೆಯ ಮೇಲಿದ್ದವರಿಗೆ ಕಣ್ಣೀರು. ಯಾರೋ ಗಂಜಿರಾ ಬಡಿದರು. ಇಷ್ಟು ಜನರ ಸಂತೋಷದ ನಡುವೆ ನಿಂತು, ನಾನು ಟವೆಲಿನವಳು ಎಂದು ಹೇಗೆ ಹೇಳಲಿ? ಪಾಸ್ಟರು ಏನಾದರೂ ಕೇಳಿಯೇ ಕೇಳುತ್ತಾರೆ, ಆಗ ಮೆಲ್ಲಗೆ ಇಲ್ಲವೆಂದರಾಯಿತು ಎಂದು ಕಾದೆ. ಅವರು ಕೇಳಿದರು, "ಯೇಸುಸ್ವಾಮಿನೇ ನಿಮ್ಮ ರಕ್ಷಕ ಅಂತ ನಂಬ್ತೀರೇನ್ರಿ ಅಮ್ಮಾ?" ಆ ಪ್ರಶ್ನೆಗೆ ಇಲ್ಲವೆನ್ನಲು ಬರುತ್ತದೆಯೇ? ತಾಯಿಯ ಹಾಲಿನ ಜೊತೆ ಕುಡಿದ ನಂಬಿಕೆ ಅದು. "ಹೌದ್ರಿ" ಎಂದೆ. ಎಂದದ್ದೇ ತಡ, ಆಕಾಶ ಹೋಗಿ ಕಾಲುವೆಯ ಕೆಂಪು ನೀರು ಬಂತು. ಮೇಲೆ ಬಂದಾಗ ಹಲ್ಲೆಲೂಯದ ಗದ್ದಲದಲ್ಲಿ ನಾನು ಕೆಮ್ಮಿದ್ದು ಯಾರಿಗೂ ಕೇಳಲಿಲ್ಲ. ಆಚೆ ದಂಡೆಯ ನಾಟಿ ಹೆಂಗಸರಲ್ಲಿ ಒಬ್ಬಳು, "ಯಪ್ಪಾ, ಮುದುಕೀನ್ನ ಹೊರಗ ತಗೀರೋ, ಶೀತ ಆಗ್ತದ" ಎಂದು ಕೂಗಿದಳು. ಆ ದಿನ ನನ್ನ ಮನಸ್ಸನ್ನು ಅರಿತವಳು ಅವಳೊಬ್ಬಳೇ.

ಜಯಶೀಲಾ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಮದುವೆಯಾಗಿ ಬಂದಾಗಿನಿಂದ ಅವಳು ನನ್ನನ್ನು ತಬ್ಬಿಕೊಂಡಿರಲಿಲ್ಲ, ಅತ್ತೆ ಸೊಸೆಯರು ತಬ್ಬಿಕೊಳ್ಳುವ ರೂಢಿ ನಮ್ಮಲ್ಲಿಲ್ಲ. "ಅತ್ತೀ, ನನ್ನ ಪ್ರಾರ್ಥನಾ ಕೇಳಿದ ದೇವ್ರು" ಎಂದು ನನ್ನ ಒದ್ದೆ ಹೆಗಲ ಮೇಲೆ ಅತ್ತಳು. ಅಲ್ಲಿಗೆ ನನ್ನ ಬಾಯಿಗೆ ಪೂರ್ತಿ ಬೀಗ ಬಿತ್ತು. ಸಾಯಂಕಾಲದೊಳಗೆ ಅವಳು ನಾನು ನೀರಿನಿಂದ ಏಳುತ್ತಿರುವ ವಿಡಿಯೋವನ್ನು ಫೋನಿನ ಸ್ಟೇಟಸ್ಸಿಗೆ ಹಾಕಿದಳು. ಅದರಲ್ಲಿ ನಾನು ಕೈ ಮೇಲೆತ್ತಿದ್ದೇನೆ. ಸ್ತೋತ್ರಕ್ಕಲ್ಲ, ಹಿಡಿದುಕೊಳ್ಳಲು ಏನಾದರೂ ಸಿಕ್ಕೀತೆಂದು. ಆದರೆ ನೋಡುವವರಿಗೆ ಅದು ಸ್ತೋತ್ರದಂತೆಯೇ ಕಾಣುತ್ತದೆ.

ಮರುದಿನ ಮಾನ್ವಿಯಿಂದ ನನ್ನ ಅಕ್ಕ ತೆರೇಸಮ್ಮನ ಫೋನು. ಅಕ್ಕ ಈಗಲೂ ಗಟ್ಟಿ ಕಥೋಲಿಕಳು, ಜಪಸರ ಕೈಯಲ್ಲಿಲ್ಲದಿದ್ದರೆ ಸೊಂಟದಲ್ಲಿರುತ್ತದೆ. "ಏನ್ ಬೇ, ಈ ವಯಸ್ಸಿನ್ಯಾಗ ಕಾಲುವಿಗೆ ಬಿದ್ದೀಯಂತ?" ಎಂದಳು.

"ಬಿದ್ದಿಲ್ಲಕ್ಕಾ, ಇಳಿಸಿದ್ರು."

"ಇಳಿಸಿದ್ರ ಇಳಿಯಾಕ ನೀನೇನು ಕೊಡ ಏನು? ಬಾಯಿ ಇರ್ಲಿಲ್ಲೇನು? ನೀ ಕೂಸಿದ್ದಾಗ ಫಾದರ್ ಹಾಕಿದ ನೀರು ಆರಿ ಹೋಗಿತ್ತೇನ ಬೇ?"

ಅವಳೇ ಮುಂದುವರಿದಳು. "ಇನ್ನ ಆ ದೇವದುರ್ಗದವ್ರು ನಿನ್ನ ಒಳಗ ಬಿಟ್ಟಾರೇನು? ಅವರ ಮಂದಿ ಹಿಂಗ್ ಕಾಲುವಿಗೆ ಹೋದ್ರ ಅವರಿಗಿ ಭಾಳ ಸಿಟ್ಟು. ಬಾ, ನಮ್ಮ ಕಡಿಗೇ ಬಾ. ನಮ್ಮ ಸ್ಮಶಾನದಾಗ ಹೂವಿನ ಗಿಡ ಅದಾವ. ಆತ್ಮಗಳ ಹಬ್ಬಕ್ಕ ಫಾದರ್ ಬಂದು ಗೋರಿ ಗೋರಿಗೂ ತೀರ್ಥ ಹೊಡಿತಾರ, ಬತ್ತಿ ಹಚ್ತೀವಿ. ಅಲ್ಲಿ ನಿಂಗ ಯಾರು ಬತ್ತಿ ಹಚ್ತಾರ?"

ಗೋರಿಯ ಮಾತು ನನ್ನ ತಲೆಗೆ ಆಗಲೇ ಹೊಳೆದದ್ದು. ಮುಳುಗುವಾಗ ಆಗದ ಹೆದರಿಕೆ ಒಣ ನೆಲದ ಮೇಲೆ ಆಯಿತು. ಅಡುಗೆ ಮನೆಯಲ್ಲಿ ಜಯಶೀಲಾಳನ್ನು ಸುತ್ತಿ ಬಳಸಿ ಕೇಳಿದೆ, ನಿಮ್ಮ ಸಭೆಯವರಿಗೆ ಸ್ಮಶಾನ ಎಲ್ಲಿದೆ ಎಂದು. ಅವಳು ಜೋಳದ ಹಿಟ್ಟು ನಾದುತ್ತಲೇ, "ಇಲ್ಲತ್ತೀ" ಎಂದಳು. ಇಲ್ಲವೆಂದರೆ ಏನು ಮಾಡುತ್ತೀರಿ ಎಂದೆ. "ಕರ್ತನು ಬರೋದು ಭಾಳ ಹತ್ರ ಅದ. ನಾವು ಸಾಯೋದಾ ಇಲ್ಲ, ಹಿಂಗ ಜೀವಂತ ಮ್ಯಾಲ ಹೋಗ್ತೀವಿ" ಎಂದು ಹಿಟ್ಟಿನ ಕೈಯನ್ನು ಮಾಡಿನ ಕಡೆಗೆ ಎತ್ತಿ ತೋರಿಸಿದಳು. ಅವಳ ನಂಬಿಕೆಯನ್ನು ನಾನು ಹಗುರಾಗಿ ನೋಡುವುದಿಲ್ಲ. ಆದರೆ ನನ್ನ ಮಂಡಿ ನೋವಿಗೆ ಮಾಳಿಗೆಯ ಮೆಟ್ಟಿಲು ಹತ್ತುವುದೇ ಕಷ್ಟ. ಅಷ್ಟಲ್ಲದೆ ಎಲ್ಲರೂ ಮೇಲೆ ಹೋಗುವಾಗ ನಿಮ್ಮ ತಾತ ಬೇವಿನ ಮರದ ಕೆಳಗೆ ಜಾಗ ಹಿಡಿದುಕೊಂಡು ಕಾಯುತ್ತಾ ಕುಳಿತಿದ್ದರೆ?

ಅಕ್ಕನ ಮಾತು ಸುಳ್ಳಾಗಲಿಲ್ಲ. ದೇವದುರ್ಗದಿಂದ ಪ್ರಭಾಕರನಿಗೆ ಫೋನು ಬಂತು. ಭಾನುವಾರ ಆರಾಧನೆಯಾದ ಮೇಲೆ ಅವ್ವನನ್ನು ಕರೆದುಕೊಂಡು ಬರಬೇಕಂತೆ, ಕಮಿಟಿಯವರು ಮಾತಾಡಬೇಕಂತೆ. ಆ ವಾರವೆಲ್ಲ ನಾನು ಗೋಡೆಗೆ ಮುಖ ಮಾಡಿ ಉತ್ತರ ಅಭ್ಯಾಸ ಮಾಡಿದೆ. ಹಳ್ಳಿ ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಿಂದಿನ ದಿನವೂ ಹೀಗೆಯೇ ಮಾಡುತ್ತಿದ್ದೆ. ಗೋಡೆಯ ಮುಂದೆ ಮಗ್ಗಿ ನೀರಿನಂತೆ ಬರುತ್ತಿತ್ತು, ಮಾಸ್ತರರ ಮುಂದೆ ಬರುತ್ತಿದ್ದದ್ದು ಕಣ್ಣೀರು.

ಆ ಭಾನುವಾರ ಚರ್ಚಿನ ಪಕ್ಕದ ಕೋಣೆಯಲ್ಲಿ ಒಂದು ಮೇಜು, ನಾಲ್ಕಾರು ಕುರ್ಚಿ ಹಾಕಿದ್ದರು. ನಡುವೆ ನಮ್ಮ ಅಯ್ಯನವರು, ಸಭಾಪಾಲಕರನ್ನು ನಾವು ಹಾಗೆಯೇ ಕರೆಯುವುದು. ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು. ಅವರ ಪಕ್ಕದಲ್ಲಿ ಕಮಿಟಿಯ ಹಿರಿಯರಾದ ಯೋಹಾನಪ್ಪ, ನಿಮ್ಮ ತಾತ ಶಾಂತಪ್ಪನವರ ಗೆಳೆಯರು. ಯೋಹಾನಪ್ಪನವರು ಕೆಟ್ಟವರಲ್ಲ. ಚರ್ಚಿನ ಪ್ರತಿ ಕುರ್ಚಿ, ಪ್ರತಿ ಬಲ್ಬು, ಸ್ಮಶಾನದ ಪ್ರತಿ ಗಿಡವೂ ತಮ್ಮ ಸ್ವಂತದ್ದೆಂಬಂತೆ ಕಾಯುತ್ತಾರೆ. ಪ್ರಭಾಕರ ಬಾಗಿಲ ಬಳಿ ನಿಂತ. ಜಯಶೀಲಾ ಬಿಳಿ ಸೀರೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತಳು. ಬರುವುದು ಬೇಡವೆಂದರೂ ಬಂದಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಗೆಳೆಯನ ಹೆಂಡತಿಯಾದ ನನ್ನನ್ನು ಅತ್ತಿಗೆ ಎಂಬರ್ಥದಲ್ಲಿ ವೈನಿ ಎಂದೇ ಕರೆಯುವ ಯೋಹಾನಪ್ಪನವರೇ ಶುರು ಮಾಡಿದರು. "ಅಲ್ರೀ ವೈನೀ, ಇಷ್ಟು ವರ್ಷ ನಮ್ಮ ಸಭಿಯಾಗ ಇದ್ದು, ಈಗ ಕಾಲುವಿಗೆ ಹೋಗೀರಿ ಅಂದ್ರ, ನಮ್ಮ ನೀರು ಕಮ್ಮಿ ಬಿತ್ತೇನ್ರಿ?"

ನಾನು ಅಭ್ಯಾಸ ಮಾಡಿದ್ದ ಯಾವ ಉತ್ತರವೂ ಈ ಪ್ರಶ್ನೆಗೆ ಹೊಂದಲಿಲ್ಲ. ಗಾಬರಿಯಲ್ಲಿ ನಿಜವನ್ನೇ ಹೇಳಿದೆ. "ನಿಮ್ಮ ನೀರು ನನಗ ಬಿದ್ದಾ ಇಲ್ಲಲ್ರೀ."

"ಅಂದ್ರ?"

"ಕೂಸಿದ್ದಾಗ ಮಾನ್ವಿ ಕಡಿ ಫಾದರ್ ಹಾಕಿದ್ರು. ಮದುವಿ ಆಗಿ ಬಂದಾಗ ಇಲ್ಲಿ ಹಳೇ ಅಯ್ಯನವರು, ಒಮ್ಮೆ ಆಗ್ಯದ, ಮತ್ತ ಬ್ಯಾಡ ಅಂದು ಕೈ ಕುಲುಕಿ ಸೇರಿಸ್ಕೊಂಡ್ರು. ನಂಗ ನಿಮ್ಮ ಕಡಿಂದ ಬಂದದ್ದು ಕೈಯಷ್ಟ."

ಯೋಹಾನಪ್ಪನವರು ಅಯ್ಯನವರ ಮುಖ ನೋಡಿದರು. ಇಷ್ಟು ವರ್ಷ ಕಾದುಕೊಂಡು ಬಂದ ಮುದುಕಿಯ ಮೇಲೆ ಸಭೆಯ ನೀರು ಹನಿಯೂ ಇಲ್ಲವೆಂದು ಅವರಿಗೆ ಗೊತ್ತಾದದ್ದು ಆಗಲೇ. ಆದರೂ ಬಿಡಲಿಲ್ಲ. "ಅದಿರ್ಲಿ. ನೋಡ್ರಿ ಅಯ್ಯನವ್ರ, ಬದುಕಿದ್ದಾಗ ಚಪ್ಪಾಳಿ ಹೊಡಿಯಾಕ ಆ ಕಡಿ ಹೋಗ್ತಾರ, ಸತ್ತ ಮ್ಯಾಲ ಮಣ್ಣಿಗಿ ಈ ಕಡಿ ಬರ್ತಾರ. ಇರೋದು ಇಷ್ಟ ಜಾಗಾ. ಇವ್ರಿಗಿ ಹೂಂ ಅಂದ್ರ ನಾಳಿಗಿ ಎಲ್ಲಾರಿಗೂ ಹೂಂ ಅನ್ನಬೇಕು. ಶಾಂತಪ್ಪ ನನ್ನ ಗೆಳ್ಯಾನ, ಆದ್ರ ಕಾಯ್ದೆ ಕಾಯ್ದೆನೇ."

ಅವರ ಮಾತಿನಲ್ಲಿ ನ್ಯಾಯವಿತ್ತು, ನನ್ನನ್ನು ಹೆಚ್ಚು ಹೆದರಿಸಿದ್ದು ಅದೇ. ಕಿಟಕಿಯಿಂದ ಸ್ಮಶಾನದ ಬೇವಿನ ಮರದ ತುದಿ ಕಾಣುತ್ತಿತ್ತು. ಕಣ್ಣು ತುಂಬಿಕೊಂಡಿತು. ಏನಾದರೂ ಹೇಳಬೇಕು, ಆದರೆ ಟವೆಲಿನ ವಿಷಯ ಹೇಳಿದರೆ ಪಕ್ಕದಲ್ಲಿ ಕುಳಿತ ಸೊಸೆಯ ಸಂತೋಷವನ್ನು ಎಲ್ಲರ ಮುಂದೆ ಸುಳ್ಳು ಮಾಡಿದಂತಾಗುತ್ತದೆ. ಹೇಳದಿದ್ದರೆ ಗಂಡನ ಪಕ್ಕದ ಜಾಗ ಹೋಗುತ್ತದೆ. ಅಷ್ಟರಲ್ಲಿ ಜಯಶೀಲಾ ಎದ್ದು ನಿಂತಳು.

"ಅಯ್ಯನವ್ರ, ಅತ್ತಿ ಟವೆಲ್ ಹಿಡ್ಕೊಂಡು ಬಂದಿದ್ರು. ಮುಳುಗಾಕ ಬಂದಿದ್ದಿಲ್ಲ."

ನಾನು ಅವಳನ್ನೇ ನೋಡಿದೆ. ಅವಳು ನೆಲ ನೋಡುತ್ತಿದ್ದಳು. "ನಂಗ ಆವಾಗ್ಲೇ ಗೊತ್ತಾಗಿತ್ತು. ನೀರಾಗ ನಿಂತು ನನ್ನ ಕಡಿ ನೋಡಾಕತ್ತಿದ್ರು. ನಾನು ಒಂದ್ ಮಾತು ಹೇಳಿದ್ರ ಪಾಸ್ಟರು ಬಿಡ್ತಿದ್ರು. ನಾ ಹೇಳ್ಲಿಲ್ಲ. ನಂಗ ಖುಷಿ ಆಗಿತ್ತು, ನನ್ನ ಅತ್ತಿ ನನ್ನ ಸಭಿಗೆ ಬಂದ್ರಂತ. ಈಗ ಅವರ್ನ ಮಾವನ ಕಡಿಂದ ದೂರ ಮಾಡಬ್ಯಾಡ್ರಿ. ತಪ್ಪು ನಂದು."

ಅಯ್ಯನವರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಹೌದೇನ್ರಿ ಅಮ್ಮಾ? ನೀರೊಳಗ ಹೋದಾಗ ನಿಮ್ಮ ಮನಸ್ಸಿನ್ಯಾಗ ಏನಿತ್ತು?"

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ದೇವರ ಮನೆಯ ಅಂಗಳದಲ್ಲಿ ಕುಳಿತು ಸುಳ್ಳು ಹೇಳಲಾಗದು. "ಬ್ಯಾಳಿ ಇಟ್ಟ ಗ್ಯಾಸ್ ಆರಿಸೀನೋ ಇಲ್ಲೋ ಅನ್ನೋದಿತ್ರಿ" ಎಂದೆ.

ಮೊದಲು ನಕ್ಕವರು ಯೋಹಾನಪ್ಪನವರೇ. ನಗು ತಡೆಯಲು ಹೋಗಿ ಕೆಮ್ಮು ಬಂದು, ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡರು. ಅಯ್ಯನವರೂ ನಕ್ಕರು. ಜಯಶೀಲಾ ಅಳುತ್ತಲೇ ನಕ್ಕಳು. ನಾನು ಮಾತ್ರ ನಗಲಿಲ್ಲ, ನನಗೆ ಆ ಗ್ಯಾಸಿನ ಚಿಂತೆ ನಿಜವಾಗಿಯೂ ಇತ್ತು. ಆಮೇಲೆ ಅಯ್ಯನವರು ಹೇಳಿದರು, "ಸಭಿ ಬಿಟ್ಟು ಹೋಗಾಕ ಮನಸ್ಸು ಬೇಕ್ರಿ ಯೋಹಾನಪ್ಪನವ್ರ. ಸಂಕೋಚದಿಂದ ಬಿಟ್ಟು ಹೋಗಾಕ ಬರೋದಿಲ್ಲ. ಮಾರ್ಥಮ್ಮನವ್ರು ಎಲ್ಲಿಗೂ ಹೋಗಿಲ್ಲ, ಒಮ್ಮೆ ಮೈ ತೊಳ್ಕೊಂಡು ಬಂದಾರ ಅಷ್ಟ." ನನ್ನ ಸೊಸೆಗೆ ಬೇಸರವಾದೀತೆಂದು ಕೂಡಲೇ ಅವಳ ಕಡೆ ತಿರುಗಿ, "ಆ ನೀರೂ ದೇವರ್ದಾ ತಂಗೀ, ನಾವೇನು ಹಗುರ ಮಾಡಾಕತ್ತಿಲ್ಲ" ಎಂದರು. ಜಯಶೀಲಾ ತಲೆಯಾಡಿಸಿ ಕುಳಿತಳು. ಮೇಜಿನ ಕೆಳಗೆ ಅವಳ ಕೈ ನನ್ನ ಕೈಯನ್ನು ಹಿಡಿದಿತ್ತು. ಯಾರು ಮೊದಲು ಹಿಡಿದರೋ ನೆನಪಿಲ್ಲ.

ಯೋಹಾನಪ್ಪನವರು ಒಮ್ಮೆ ಒಪ್ಪಿದರೆಂದರೆ ಕೆಲಸ ಅರ್ಧಕ್ಕೆ ಬಿಡುವವರಲ್ಲ. "ಬರ್ರಿ ವೈನೀ, ಜಾಗಾನೂ ಈಗ ಪಕ್ಕಾ ಮಾಡಿಬಿಡೂನು" ಎಂದು ನಮ್ಮನ್ನೆಲ್ಲ ಸ್ಮಶಾನಕ್ಕೆ ಕರೆದುಕೊಂಡು ಹೋದರು. ಮನೆ ಕೊಳ್ಳುವವರಿಗೆ ಸೈಟು ತೋರಿಸುವವರ ಹಾಗೆ ಮುಂದೆ ಮುಂದೆ ನಡೆದರು. ಬೇವಿನ ಮರದ ಕೆಳಗೆ ನಿಂತು ನೋಡಿದರೆ ನಿಮ್ಮ ತಾತನ ಎಡಕ್ಕೆ ಅವರ ತಾಯಿ. ನಮ್ಮ ಅತ್ತೆಯ ಮಾತನ್ನು ಇಲ್ಲಿಯವರೆಗೆ ನಾನು ತೆಗೆಯಲಿಲ್ಲ. ಅವರು ಬದುಕಿದ್ದಾಗ ನಾನು ಕುಳಿತರೆ ಯಾಕೆ ಕುಳಿತೆ ಎನ್ನುತ್ತಿದ್ದರು, ನಿಂತರೆ ಯಾಕೆ ಕಂಬದ ಹಾಗೆ ನಿಂತೆ ಎನ್ನುತ್ತಿದ್ದರು. ತಾತನ ಬಲಕ್ಕೆ ಸ್ಮಶಾನದ ಗೋಡೆ. ಗೋಡೆಗೂ ತಾತನಿಗೂ ನಡುವೆ ಇದ್ದ ಜಾಗವನ್ನು ಯೋಹಾನಪ್ಪನವರು ಗೇಣು ಹಾಕಿ ಅಳೆದರು, ಎದ್ದು ನಿಂತು ನನ್ನನ್ನೊಮ್ಮೆ ಅಡ್ಡಗಲಕ್ಕೆ ನೋಡಿದರು, ಮತ್ತೆ ಜಾಗವನ್ನು ನೋಡಿದರು.

"ಇಲ್ಲಿ ಜರಾ ಇಕ್ಕಟ್ಟು ಆಗ್ತದ್ರಿ ವೈನೀ" ಎಂದರು ಮರ್ಯಾದೆಯಿಂದ. "ಆ ಕಡಿ ನಿಮ್ಮ ಅತ್ತಿಯವರ ಬಾಜೂ ಭಾಳ ಖುಲ್ಲಾ ಅದ. ಕೈಕಾಲು ಚಾಚಿ ಆರಾಮ ಮಲಗಬಹುದು. ಹ್ಯಾಂಗ ಮಾಡೂನು?"

ಅಂದರೆ ನಡುವೆ ಅತ್ತೆ, ಆ ಕಡೆ ಗಂಡ, ಈ ಕಡೆ ನಾನು, ಪುನರುತ್ಥಾನದ ದಿನದವರೆಗೆ. ಮಗ, ಸೊಸೆ, ಅಯ್ಯನವರು, ಯೋಹಾನಪ್ಪ ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಹಿರಿಯರು ಹೇಳಿದ ಮೇಲೆ "ನಿಮ್ಮಿಷ್ಟ ರೀ" ಎನ್ನುವುದು ನನ್ನ ಜನ್ಮದ ಅಭ್ಯಾಸ. ಆದರೆ ಮಕ್ಕಳೇ, ಆ ದಿನ ನನ್ನ ಗಂಟಲಿನಿಂದ ಬಂದ ದನಿ ನನಗೇ ಗುರುತು ಸಿಗಲಿಲ್ಲ. "ಗ್ವಾಡಿ ಕಡಿನಾ ಇರ್ಲಿ! ನಾ ಹೊಂದಿಸ್ಕೊಂತೀನಿ" ಎಂದೆ. ಬೇವಿನ ಮರದ ಮೇಲಿನ ಗಿಳಿಗಳು ಹಾರಿದವು. ಪ್ರಭಾಕರ ಮೊದಲ ಸಲ ಅವ್ವ ತನಗೆ ಬೇಕಾದ್ದನ್ನು ಗಟ್ಟಿಯಾಗಿ ಹೇಳಿದ್ದನ್ನು ಕೇಳಿ ಬಾಯಿ ತೆರೆದು ನಿಂತ.

ಹೊಂದಿಸಿಕೊಳ್ಳುತ್ತೇನೆ ಎಂದು ಎಲ್ಲರ ಮುಂದೆ ಮಾತು ಕೊಟ್ಟಾಯಿತು. ಅಂದಿನಿಂದ ನಾನು ರಾತ್ರಿಯ ಅನ್ನ ಬಿಟ್ಟಿದ್ದೇನೆ, ರೊಟ್ಟಿಯನ್ನು ಒಂದಕ್ಕೆ ಇಳಿಸಿದ್ದೇನೆ, ಮಟನ್ ಬಂದರೆ ಎದ್ದು ಆಚೆ ಹೋಗುತ್ತೇನೆ. ಮಾನ್ವಿಯ ಅಕ್ಕನಿಗೆ ಸುದ್ದಿ ಮುಟ್ಟಿ, ನನ್ನ ತಂಗಿ ಕಡೆಗೂ ತಪಸ್ಸು ಕಾಲದ ಉಪವಾಸವನ್ನು ಹಿಡಿದಳು, ಹುಟ್ಟಿದ ಗುಡಿ ಮರೆಯಲಿಲ್ಲ ಎಂದು ನನಗಾಗಿ ಜಪಸರ ಹೇಳುತ್ತಿದ್ದಾಳೆ. ಜಯಶೀಲಾ ಇದು ಉಪವಾಸ ಪ್ರಾರ್ಥನೆಯೇ ಎಂದು ನಂಬಿ, ಕಾಲುವೆಯ ನೀರು ಸುಮ್ಮನೆ ಹೋಗಲಿಲ್ಲ ನೋಡಿ ಎಂದು ಅವರ ಸಭೆಯಲ್ಲಿ ಸಾಕ್ಷಿ ಹೇಳಿದ್ದಾಳೆ. ದೇವದುರ್ಗದ ಅಯ್ಯನವರು ಹೋದ ಭಾನುವಾರ ನಾನು ಅಲ್ಲಿಗೆ ಹೋಗಿದ್ದಾಗ ಪ್ರಸಂಗದಲ್ಲಿ ಹೆಸರು ಹೇಳದೆ, ನಮ್ಮ ಸಭೆಯ ಹಿರಿಯ ಸಹೋದರಿಯೊಬ್ಬರ ಪಶ್ಚಾತ್ತಾಪವನ್ನು ನ್ಯಾಯವಾಗಿ ಮೆಚ್ಚಬೇಕು ಎಂದರು, ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡಿದರು. ಮೂರೂ ಸಭೆಯವರು ನನ್ನ ಭಕ್ತಿಯನ್ನು ಇಷ್ಟು ಕೊಂಡಾಡುತ್ತಿರುವಾಗ, ಇದೆಲ್ಲ ಗೋಡೆಗೂ ಗಂಡನಿಗೂ ನಡುವಿನ ಸಂದಿಯಲ್ಲಿ ಹಿಡಿಸುವುದಕ್ಕಾಗಿ ಎಂದು ಯಾರಿಗೆ ಹೇಗೆ ಹೇಳಲಿ? ಸಂಕೋಚವಾಗುತ್ತದೆ.